ಪದದಾಟದ ಟೆಕ್ಸ್ಟ್ ಗೇಮ್ ಮಕ್ಕಳ ಕೈಗೆ ಕೊಡೋ ಮುಂಚೆ ಏನೇನು ನೋಡ್ಕೋಬೇಕು

ಟೆಕ್ಸ್ಟ್ ಅಡ್ವೆಂಚರ್ ಅಂದ್ರೆ ಗೊತ್ತಿಲ್ಲದವ್ರಿಗೆ ಮೊದ್ಲು ಎರಡು ಮಾತು. ಚಿತ್ರ ಇರಲ್ಲ, ಮ್ಯೂಸಿಕ್ ಇರಲ್ಲ, ಸ್ಕ್ರೀನ್ ತುಂಬ ಬರೀ ಅಕ್ಷರ. ನೀನೊಂದು ರೂಮಲ್ಲಿದೀಯ, ಮೇಜಿನ ಮೇಲೆ ದೀಪ ಇದೆ ಅಂತ ಗೇಮ್ ಹೇಳುತ್ತೆ, ದೀಪ ತಗೋ ಅಂತ ನೀವು ಇಂಗ್ಲಿಷಲ್ಲಿ ಟೈಪ್ ಮಾಡ್ತೀರ, ಕಥೆ ಮುಂದಕ್ಕೆ ಹೋಗುತ್ತೆ. 1970ರ ದಶಕದಲ್ಲಿ ಅಮೆರಿಕದ ವಿಲ್ ಕ್ರೌಥರ್ ಒಂದು ಗುಹೆ ಸುತ್ತೋ ಗೇಮ್ ಬರೆದ್ರು, ಡಾನ್ ವುಡ್ಸ್ ಅದನ್ನ ಬೆಳೆಸಿದ್ರು, ಅಲ್ಲಿಂದ ಈ ಜಾತಿ ಶುರುವಾಯ್ತು. ಇದರಲ್ಲೇ ಒಂದು ಕವಲು ಪದದಾಟದ್ದು. ಅಲ್ಲಿ ಬೀಗ, ಕೀಲಿಕೈ, ನಿಧಿ ಎಲ್ಲ ನೆಪ ಅಷ್ಟೇ, ಬಿಡಿಸಬೇಕಾಗಿರೋದು ಪದವನ್ನೇ.

ಇಂಗ್ಲಿಷ್ ಚೆನ್ನಾಗಿ ಬರ್ಲಿ ಅಂತ ನಮ್ಮ ಕಡೆ ಎಷ್ಟೋ ಜನ ಮಕ್ಕಳಿಗೆ ಇಂಥದ್ದು ಹುಡುಕಿ ಕೊಡ್ತಾರೆ, ಒಳ್ಳೇದೇ, ನಾನೂ ಕೊಡ್ತೀನಿ. ಆದ್ರೆ ಬರೀ ಓದೋದು ತಾನೆ, ಹೊಡೆದಾಟ ಇಲ್ಲ, ಬಟ್ಟೆ ಬಿಚ್ಚೋದಿಲ್ಲ, ಇನ್ನೇನಾಗುತ್ತೆ ಅಂತ ಯಾರೂ ಒಳಗೆ ಇಣುಕಿ ನೋಡಲ್ಲ. ಸಮಸ್ಯೆ ಇರೋದು ಅಲ್ಲೇ. ಪದದಾಟದ ಗೇಮಲ್ಲಿ ಜೋಕ್ ಹುಟ್ಟಿಸೋ ಯಂತ್ರವೇ ಡಬಲ್ ಮೀನಿಂಗನ್ನೂ ಹುಟ್ಟಿಸುತ್ತೆ, ಒಂದನ್ನ ಇಟ್ಕೊಂಡು ಇನ್ನೊಂದನ್ನ ಪೂರ್ತಿ ತೆಗೆಯೋಕಾಗಲ್ಲ. ಹಾಗಾಗಿ ಗೇಮಿನ ಕವರ್ ನೋಡಿ ತೀರ್ಮಾನ ಮಾಡಿದ್ರೆ ಸಾಲ್ದು, ಅದು ಪದಗಳನ್ನ ಹಿಡ್ಕೊಂಡು ಏನು ಮಾಡುತ್ತೆ ಅನ್ನೋದನ್ನ ನೋಡ್ಬೇಕು. ಅದಕ್ಕೆ ನಾನು ಅನುಸರಿಸೋ ಕ್ರಮ ಇಲ್ಲಿ ಬರೀತಿದೀನಿ, ಅಪ್ಪ ಅಮ್ಮಂದಿರಿಗೂ ಆಗುತ್ತೆ, ಮೇಷ್ಟ್ರಿಗೂ ಆಗುತ್ತೆ, ತಮ್ಮ ತಂಗಿಗೆ ಗೇಮ್ ಹಾಕ್ಕೊಡೋ ಅಣ್ಣ ಅಕ್ಕಂದಿರಿಗೂ ಆಗುತ್ತೆ.

ಹಂತ 1: ಪದದ ಜೊತೆ ಗೇಮ್ ಏನು ಆಟ ಆಡುತ್ತೆ ಅಂತ ಗುರುತಿಸಿ

ಇದೇ ಮುಖ್ಯ ಹಂತ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಮೊದಲನೇ ಜಾತಿ ಅಕ್ಷರ ಕೀಳೋದು, ಅಕ್ಷರ ಸೇರಿಸೋದು, ಅದಲುಬದಲು ಮಾಡೋದು. ಇದಕ್ಕೆ ಹಳೇ ಉದಾಹರಣೆ ಇನ್ಫೋಕಾಮ್ ಕಂಪನಿ 1986ರಲ್ಲಿ ತಂದ 'ಲೆದರ್ ಗಾಡೆಸಸ್ ಆಫ್ ಫೋಬೋಸ್', ಬರೆದವರು ಸ್ಟೀವ್ ಮೆರೆಟ್ಸ್ಕಿ. ಅದರಲ್ಲೊಂದು ಯಂತ್ರ ಬರುತ್ತೆ, ಯಾವ ವಸ್ತು ಒಳಗಿಟ್ರೂ ಅದರ ಹೆಸರಲ್ಲಿರೋ 'ಟಿ' ಅಕ್ಷರ ಕಿತ್ತು ಹಾಕುತ್ತೆ, ಹೆಸರು ಬದಲಾದ ಕೂಡ್ಲೇ ವಸ್ತುವೂ ಬದಲಾಗುತ್ತೆ. ಮೊಲ ಇಟ್ಟು ನೋಡಿ, ರ‍್ಯಾಬಿಟ್‌ನ ಕೊನೇ ಟಿ ಹೋಗಿ ರಬ್ಬಿ, ಅಂದ್ರೆ ಯಹೂದಿ ಗುರು ಈಚೆ ಬರ್ತಾರೆ. ಇನ್ನೊಂದು ಕಡೆ ಮೈಟರ್ ಅಂತ ಒಬ್ಬ ರಾಜ, ಮುಟ್ಟಿದ್ದೆಲ್ಲ ಚಿನ್ನ ಆಗೋ ಮೈಡಾಸ್ ರಾಜನ ಥರಾನೇ, ಆದ್ರೆ ಇವನು ಮುಟ್ಟಿದ್ದೆಲ್ಲ 45 ಡಿಗ್ರಿ ಕೋನ ಆಗುತ್ತೆ, ಪಾಪ ಮಗಳೂ ಕೋನ ಆಗಿಹೋಗಿದಾಳೆ. ಸಿಕ್ಕು ಬಿಡಿಸೋ ಕ್ರೀಮ್ ಅಂದ್ರೆ ಅನ್‌ಟ್ಯಾಂಗ್ಲಿಂಗ್ ಕ್ರೀಮನ್ನ ಆ ಯಂತ್ರಕ್ಕೆ ಹಾಕಿದ್ರೆ ಟಿ ಹೋಗಿ ಅನ್‌ಆ್ಯಂಗ್ಲಿಂಗ್ ಕ್ರೀಮ್ ಆಗುತ್ತೆ, ಕೋನ ಬಿಡಿಸೋ ಕ್ರೀಮ್! ಹಚ್ಚಿದ್ರೆ ಮಗಳು ವಾಪಸ್. ಎಷ್ಟು ಚೆಂದದ ಒಗಟು ನೋಡಿ, ಹತ್ತನೇ ಕ್ಲಾಸಿನ ಹುಡುಗಿ ಇದನ್ನ ತಾನಾಗೇ ಬಿಡಿಸಿದ್ರೆ ಕುಣಿದಾಡ್ಬಿಡ್ತಾಳೆ. ಆದ್ರೆ ಈ ಗೇಮೇ ಒಂದು ಸೆಕ್ಸ್ ಕಾಮಿಡಿ, ಅಂಥಾ ಒಗಟು ಇರೋದು ಅಂಥಾ ಗೇಮಿನ ಒಳಗೆ. ಪದದಾಟ ಚೆನ್ನಾಗಿದೆ ಅಂತ ಯಾರೋ ಹೊಗಳಿದ್ದು ಕೇಳಿ ಹಾಗೇ ಕೊಟ್ಬಿಟ್ರೆ ಆಗೋ ಎಡವಟ್ಟು ಇದೇ.

ಅದೇ ಜಾತಿಯಲ್ಲಿ ಎಮಿಲಿ ಶಾರ್ಟ್ ಬರೆದ 'ಕೌಂಟರ್‌ಫೀಟ್ ಮಂಕಿ' ಇದೆ, 2012ರ ಕೊನೇ ದಿನ ಬಿಡುಗಡೆ ಆಗಿದ್ದು, ಉಚಿತ. ಬೇಕಾದ ಅಕ್ಷರ ಕೀಳೋ ಒಂದು ಉಪಕರಣ ಕೈಯಲ್ಲಿ ಹಿಡ್ಕೊಂಡು ಊರೆಲ್ಲ ಸುತ್ತೋದು. ಕಥೆ ನಡೆಯೋ ದ್ವೀಪಕ್ಕೆ ಸ್ವಾತಂತ್ರ್ಯ ಬಂದಿದ್ದು ಹೇಗಂದ್ರೆ, ಬಹುವಚನ ತೆಗೆಯೋ ಫಿರಂಗಿಯಿಂದ ಹೊಡೆದು ಬ್ರಿಟಿಷರ ಇಡೀ ನೌಕಾಪಡೆಯನ್ನ ಒಂದೇ ಹಡಗಿಗೆ ಇಳಿಸಿದ್ರಂತೆ. ಈ ಜಾತಿಯಲ್ಲೇ ನನಗೆ ತುಂಬಾ ಇಷ್ಟದ ಗೇಮ್ ಇದು. ಆದ್ರೆ ಹದಿನಾಲ್ಕರ ಹುಡುಗನ ಕೈಗೆ ಅಕ್ಷರ ಕೀಳೋ ಯಂತ್ರ ಕೊಟ್ರೆ ಅವನು ಮೊದ್ಲು ಏನು ಮಾಡೋಕೆ ನೋಡ್ತಾನೆ ಅಂತ ಹೇಳ್ಬೇಕಾಗಿಲ್ಲ. ಕಥೆಯಲ್ಲೂ ಪೊಲೀಸ್ ಕಣ್ಗಾವಲು, ತಲೆಮರೆಸಿಕೊಂಡು ಓಡಾಡೋದು, ಕುಡಿಯೋ ಬಾರ್ ಎಲ್ಲ ಬರುತ್ತೆ. ಪಿಯುಸಿ ವಯಸ್ಸಿಗೆ ಸರಿ ಅನ್ನೋದು ನನ್ನ ಲೆಕ್ಕ.

ಎರಡನೇ ಜಾತಿ ಶಬ್ದದ ಆಟ, ಒಂದೇ ಥರ ಕೇಳಿಸೋ ಪದಗಳು, ನುಡಿಗಟ್ಟುಗಳು, ಮೊದಲಕ್ಷರ ಅದಲುಬದಲು ಮಾಡೋದು. ಜೆಫ್ ಓನೀಲ್ ಬರೆದು ಇನ್ಫೋಕಾಮ್ 1987ರಲ್ಲಿ ತಂದ ನಾರ್ಡ್ ಮತ್ತು ಬರ್ಟ್ ಗೇಮ್ ಪೂರ್ತಿ ಇದೇ, ಎಂಟು ಪುಟ್ಟ ಪುಟ್ಟ ಅಧ್ಯಾಯ, ಒಂದೊಂದರಲ್ಲೂ ಒಂದೊಂದು ಥರ ಆಟ. 'ಷೇಕ್ ಎ ಟವರ್' ಅಂತ ಒಂದು ಅಧ್ಯಾಯ, ಮೊದಲಕ್ಷರ ಅದಲುಬದಲು ಮಾಡಿ 'ಟೇಕ್ ಎ ಷವರ್' ಅಂತ ಓದ್ಕೋಬೇಕು. ಈ ಗೇಮ್ ಮಟ್ಟಿಗೆ ಅಶ್ಲೀಲದ ಭಯ ಕಮ್ಮಿ, ಕಷ್ಟ ಇರೋದು ಬೇರೆ, 1980ರ ದಶಕದ ಅಮೆರಿಕದ ಆಡುಮಾತು ನಮ್ಮ ಮಕ್ಕಳಿಗಿರಲಿ ನಮಗೇ ಗೊತ್ತಿರಲ್ಲ. ಆದ್ರೆ ಮೊದಲಕ್ಷರ ಬದಲಿಸೋ ಆಟ ಯಾವ ಗೇಮಲ್ಲಿ ಕಂಡ್ರೂ ಒಂದು ಕಣ್ಣು ಇಡಿ. ಸ್ಕೂಲಲ್ಲಿ ಹುಡುಗ್ರು ಎರಡು ಪದದ ಮೊದಲಕ್ಷರ ಬದಲಿಸಿ ಹೇಳಿ ಯಾಕೆ ಬಿದ್ದು ಬಿದ್ದು ನಗ್ತಿದ್ರು ಅಂತ ನೆನಪು ಮಾಡ್ಕೊಳ್ಳಿ, ಸಾಕು.

ಮೂರನೇದು ನಿಯಮದ ಆಟ. ನಿಕ್ ಮಾಂಟ್‌ಫರ್ಟ್ 2000ದಲ್ಲಿ ಬರೆದ 'ಆಡ್ ವರ್ಬಮ್'ನಲ್ಲಿ ಒಂದು ರೂಮಿದೆ, ಅಲ್ಲಿ 'ಎಸ್'ನಿಂದ ಶುರುವಾಗೋ ಪದಗಳಿಗೆ ಮಾತ್ರ ಗೇಮ್ ಕಿವಿಗೊಡುತ್ತೆ. ತಗೋ ಅನ್ನೋಕೆ 'ಟೇಕ್' ಅಂದ್ರೆ ನಡೆಯಲ್ಲ, 'ಸೀಜ಼್' ಅನ್ನೋ ಥರದ್ದೇ ಏನಾದ್ರೂ ಹುಡುಕ್ಬೇಕು. ಪದಸಂಪತ್ತು ಬೆಳೀಲಿ ಅನ್ನೋದೇ ನಿಮ್ಮ ಗುರಿ ಆಗಿದ್ರೆ ಇಲ್ಲಿಂದ ಶುರು ಮಾಡಿ. ಪಕ್ಕದಲ್ಲಿ ಸಮಾನಾರ್ಥಕ ಪದಗಳ ಡಿಕ್ಷನರಿ ಇಟ್ಕೊಂಡು ಆಡಿದ್ರೆ ಇನ್ನೂ ಮಜಾ.

ಹಂತ 2: ಗೇಮಿನ ಬಗ್ಗೆ ಆಡಿದವ್ರು ಏನಂದಿದ್ದಾರೆ ನೋಡಿ

ವಯಸ್ಸಿನ ರೇಟಿಂಗ್ ನೋಡ್ಕೋತೀನಿ ಅಂದ್ರೆ ಇಲ್ಲಿ ಸಿಗಲ್ಲ. ಅಮೆರಿಕದ ರೇಟಿಂಗ್ ಬೋರ್ಡ್ ಇಎಸ್‌ಆರ್‌ಬಿ ಶುರುವಾಗಿದ್ದೇ 1994ರಲ್ಲಿ, ಇನ್ಫೋಕಾಮ್ ಗೇಮ್‌ಗಳೆಲ್ಲ ಅದಕ್ಕಿಂತ ಹಳೇವು, ಆಮೇಲೆ ಬಂದವು ಹೆಚ್ಚಾಗಿ ಹವ್ಯಾಸಿಗಳು ಉಚಿತವಾಗಿ ಕೊಟ್ಟವು, ಅವನ್ನ ರೇಟಿಂಗ್‌ಗೆ ಯಾರೂ ಕಳಿಸಲ್ಲ. ಅದಕ್ಕೆ ಐಎಫ್‌ಡಿಬಿ ಅನ್ನೋ ಡೇಟಾಬೇಸ್ ನೋಡಿ, ಒಂದೊಂದು ಗೇಮಿಗೂ ಟ್ಯಾಗ್ ಮತ್ತು ಆಡಿದವ್ರ ವಿಮರ್ಶೆ ಇರುತ್ತೆ. ಸ್ಟಾರ್ ನೋಡಿ ಮೋಸ ಹೋಗ್ಬೇಡಿ, ಐದು ಸ್ಟಾರ್ ಅಂದ್ರೆ ಗೇಮ್ ಚೆನ್ನಾಗಿದೆ ಅಂತ ಅರ್ಥ, ಮಕ್ಕಳಿಗೆ ಸರಿ ಅಂತ ಅಲ್ಲ. ನಾನು ಕಮ್ಮಿ ಸ್ಟಾರ್ ಕೊಟ್ಟವ್ರ ವಿಮರ್ಶೆ ಮೊದ್ಲು ಓದ್ತೀನಿ, ಇರಿಸುಮುರಿಸು ಆದವ್ರು ಯಾಕೆ ಆಯ್ತು ಅಂತ ಬಿಡಿಸಿ ಬರೆದಿರ್ತಾರೆ. 1995ರಿಂದ ನಡೀತಿರೋ ಐಎಫ್‌ಕಾಂಪ್ ಅನ್ನೋ ವಾರ್ಷಿಕ ಸ್ಪರ್ಧೆಗೆ ಈಗೀಗ ಬರೋ ಗೇಮ್‌ಗಳಾದ್ರೆ ಬರೆದವರೇ ಎಚ್ಚರಿಕೆ ಸಾಲು ಹಾಕಿರೋದೂ ಉಂಟು. ಆದ್ರೆ ಸಾಲು ಇಲ್ಲ ಅಂದ ಮಾತ್ರಕ್ಕೆ ಒಳಗೆ ಏನೂ ಇಲ್ಲ ಅಂತಲ್ಲ.

ಹಂತ 3: ಗೇಮ್ ತೆರೆದು ಮೊದಲು ಅದನ್ನೇ ವಿಚಾರಿಸಿ

ಬ್ರೌಸರಲ್ಲಾದ್ರೆ ಪಾರ್ಚ್‌ಮೆಂಟ್, ಲ್ಯಾಪ್‌ಟಾಪಲ್ಲಾದ್ರೆ ಗಾರ್ಗಾಯ್ಲ್ ಅಥವಾ ಫ್ರಾಟ್ಜ಼್, ಇವು ಇಂಥಾ ಗೇಮ್ ಫೈಲ್ ಓಡಿಸೋ ಪ್ರೋಗ್ರಾಮ್‌ಗಳು, ಇದರಲ್ಲಿ ಯಾವುದಾದ್ರೂ ಒಂದ್ರಲ್ಲಿ ಗೇಮ್ ಓಪನ್ ಮಾಡಿ. ಕಥೆ ಶುರು ಮಾಡೋ ಮುಂಚೆ ಅಬೌಟ್, ಹೆಲ್ಪ್, ಇನ್ಫೋ, ಕ್ರೆಡಿಟ್ಸ್ ಈ ನಾಲ್ಕು ಪದಗಳನ್ನ ಒಂದೊಂದಾಗಿ ಇಂಗ್ಲಿಷಲ್ಲಿ ಟೈಪ್ ಮಾಡಿ ನೋಡಿ, ಬರೆದವರಿಗೆ ಏನಾದ್ರೂ ಎಚ್ಚರಿಕೆ ಹೇಳೋದಿದ್ರೆ ಹೆಚ್ಚಾಗಿ ಅಲ್ಲೇ ಹೇಳಿರ್ತಾರೆ. ಕೆಲವು ಗೇಮಲ್ಲಿ ಮಟ್ಟ ಬದಲಿಸೋ ಕಮಾಂಡ್ ಇರುತ್ತೆ. ಆಗ ಹೇಳಿದ ಫೋಬೋಸ್ ಗೇಮಲ್ಲಿ ಟೇಮ್, ಸಜೆಸ್ಟಿವ್, ಲೂಡ್ ಅಂತ ಮೂರು ಮಟ್ಟ, ಸಪ್ಪೆ, ಸೂಚ್ಯ, ಪೋಲಿ ಅಂದ್ಕೊಳ್ಳಿ. ಏನೂ ಹೇಳದೆ ಶುರು ಮಾಡಿದ್ರೆ ಅದು ನಡುವಿನ ಮಟ್ಟದಲ್ಲಿ ಓಡುತ್ತೆ, ಸಪ್ಪೆ ಬೇಕಂದ್ರೆ ನೀವೇ ಟೈಪ್ ಮಾಡಿ ಕೇಳ್ಬೇಕು. ಮೂರನೇದಕ್ಕೆ ಹೋದ್ರೆ ವಯಸ್ಸು ಕೇಳುತ್ತೆ, ಅಷ್ಟೇ, ಯಾವ ನಂಬರ್ ಹೊಡೆದ್ರೂ ಪಾಪ ಅದು ನಂಬುತ್ತೆ. ಅಂದ್ರೆ ನೀವು ಟೇಮ್ ಅಂತ ಇಟ್ಟು ಹೋದ್ರೂ ಅದು ಬೀಗ ಅಲ್ಲ, ಹುಡುಗ ಇನ್ನೊಂದು ಪದ ಟೈಪ್ ಮಾಡಿದ್ರೆ ಮುಗೀತು. ಈ ಗೇಮ್ ಯಾವ ಮಟ್ಟದಲ್ಲಿಟ್ರೂ ಹದಿನೆಂಟು ಆದವ್ರಿಗೆ ಮಾತ್ರ ಅನ್ನೋದೇ ನನ್ನ ನಿಲುವು, ಕ್ರೀಮ್ ಒಗಟನ್ನ ಮಕ್ಕಳಿಗೆ ಬಾಯಲ್ಲಿ ಹೇಳಿ ಬಿಡಿಸೋಕೆ ಬಿಡಿ, ಅದಕ್ಕೆ ಗೇಮ್ ಬೇಕಾಗಿಲ್ಲ.

ಹಂತ 4: ಒಂದರ್ಧ ಗಂಟೆ ನೀವೇ ಆಡಿ, ಆಡಿದ್ದು ದಾಖಲಾಗ್ಲಿ

ಸ್ಕ್ರಿಪ್ಟ್ ಅಂತ ಟೈಪ್ ಮಾಡಿ, ಕೆಲವು ಕಡೆ ಟ್ರಾನ್‌ಸ್ಕ್ರಿಪ್ಟ್ ಅಂತ. ಅಲ್ಲಿಂದ ಮುಂದೆ ನೀವು ಬರೆದಿದ್ದು ಗೇಮ್ ಹೇಳಿದ್ದು ಎಲ್ಲ ಒಂದು ಫೈಲಿಗೆ ಹೋಗಿ ಕೂರುತ್ತೆ. ಮಗು ಆಡುವಾಗ್ಲೂ ಇದನ್ನ ಆನ್ ಮಾಡಿಟ್ಟಿರಿ, ಆದ್ರೆ ಆನ್ ಇದೆ ಅಂತ ಮಗುವಿಗೆ ಹೇಳಿಬಿಡಿ, ಕದ್ದು ನೋಡೋ ಕೆಲಸ ಬೇಡ. ಆಮೇಲೆ ಜೊತೇಲಿ ಕೂತು ಎಲ್ಲಿ ಸಿಕ್ಕಾಕ್ಕೊಂಡೆ, ಎಲ್ಲಿ ಬಿಡಿಸ್ದೆ ಅಂತ ಓದೋಕೂ ಅದು ಉಪಯೋಗ.

ನೀವು ಆಡುವಾಗ ಬೇಕಂತಲೇ ಒಂದು ಬೈಗುಳ ಟೈಪ್ ಮಾಡಿ ನೋಡಿ. ಜ಼ೋರ್ಕ್ ಅನ್ನೋ ಹಳೇ ಗೇಮ್ ಇಂಥಾ ಮರ್ಯಾದಸ್ಥ ಜಾಗದಲ್ಲಿ ಇಂಥಾ ಮಾತಾ ಅಂತ ಗದರುತ್ತೆ. ಇನ್ಫಾರ್ಮ್ 6 ಅನ್ನೋ ಸಾಧನದಲ್ಲಿ ಮಾಡಿದ ಗೇಮ್‌ಗಳಾದ್ರೆ ನಿಜವಾದ ಸಾಹಸಿಗಳು ಹೀಗೆಲ್ಲ ಮಾತಾಡಲ್ಲ ಅನ್ನೋ ಸಿದ್ಧ ಉತ್ತರ ಕೊಡುತ್ತೆ. ಉತ್ತರ ಹೀಗೆ ಗದರೋ ಥರ ಇದ್ರೆ ಒಂದು ಲೆಕ್ಕ, ಬದಲಿಗೆ ಗೇಮೇ ಉತ್ಸಾಹದಿಂದ ಕಥೆ ಮುಂದುವರಿಸಿದ್ರೆ ಬರೆದವರ ಮನಸ್ಸು ಯಾವ ಕಡೆ ಇದೆ ಅಂತ ನಿಮಗೆ ಅಲ್ಲೇ ಗೊತ್ತಾಗುತ್ತೆ.

ಹಂತ 5: ಫೈಲಿನ ಒಳಗೆ ನೋಡೋದು (ಕಂಪ್ಯೂಟರ್ ಕೆಲಸ ಗೊತ್ತಿರೋರಿಗೆ)

ಮನೇಲಿ ಪೇರೆಂಟಲ್ ಕಂಟ್ರೋಲ್ ಹಾಕಿದೀನಿ, ಫಿಲ್ಟರ್ ಇದೆ, ಯೋಚ್ನೆ ಇಲ್ಲ ಅನ್ನೋರು ಇದನ್ನ ಓದ್ಲೇಬೇಕು. ಇನ್ಫೋಕಾಮ್ ಕಾಲದಿಂದ ಬಂದ ಜ಼ೆಡ್-ಮಷೀನ್ ಅನ್ನೋ ಜಾತಿಯ ಗೇಮ್ ಫೈಲಲ್ಲಿ ಮಾತುಗಳು ಮಾಮೂಲಿ ಅಕ್ಷರ ರೂಪದಲ್ಲಿ ಇರಲ್ಲ. ಆಗ ಮೆಮೊರಿ ತುಂಬಾ ಕಮ್ಮಿ ಇತ್ತಲ್ಲ, ಅದಕ್ಕೆ ಒಂದೊಂದು ಅಕ್ಷರಕ್ಕೆ 5 ಬಿಟ್ ಮಾತ್ರ ಕೊಟ್ಟು, ಮೂರು ಮೂರು ಅಕ್ಷರಗಳನ್ನ 2 ಬೈಟಿನೊಳಗೆ ಒತ್ತಿ ತುಂಬಿಟ್ಟಿರ್ತಾರೆ. ಹಾಗಾಗಿ ಆ ಫೈಲನ್ನ ನೋಟ್‌ಪ್ಯಾಡಲ್ಲಿ ತೆರೆದು ಪದ ಹುಡುಕಿದ್ರೆ ಸಿಗಲ್ಲ, ಫಿಲ್ಟರಿಗೂ ಕಾಣಲ್ಲ. ಅದೂ ಅಲ್ದೆ ಒಂದ್ಸಲ ಫೈಲ್ ಇಳಿಸ್ಕೊಂಡ ಮೇಲೆ ನೆಟ್ ಇಲ್ದೆನೂ ಆಡ್ಬಹುದು, ರೌಟರಲ್ಲಿ ಕೂತಿರೋ ಫಿಲ್ಟರ್ ಏನು ತಾನೇ ಮಾಡುತ್ತೆ.

ಜ಼ೆಡ್‌ಟೂಲ್ಸ್ ಅಂತ ಒಂದು ಉಚಿತ ಗುಂಪಿನ ಪ್ರೋಗ್ರಾಮ್‌ಗಳಿವೆ. ಅದರಲ್ಲಿ ಇನ್ಫೋಡಂಪ್ ಅನ್ನೋದಕ್ಕೆ 'ಡಿ' ಆಯ್ಕೆ ಕೊಟ್ಟು ಓಡಿಸಿದ್ರೆ ಗೇಮಿಗೆ ಅರ್ಥ ಆಗೋ ಪದಗಳ ಪಟ್ಟಿ ಪೂರ್ತಿ ಬರುತ್ತೆ, ಟಿಎಕ್ಸ್‌ಡಿ ಅನ್ನೋದು ಒಳಗಿನ ಮಾತುಗಳನ್ನೇ ಬಿಚ್ಚಿ ತೋರಿಸುತ್ತೆ. ಪಟ್ಟಿ ಓದುವಾಗ ಎರಡು ವಿಷಯ ಗಮನದಲ್ಲಿರ್ಲಿ. ಹಳೇ 3ನೇ ಆವೃತ್ತಿ ಫೈಲಲ್ಲಿ ಪದದ ಮೊದಲ 6 ಅಕ್ಷರ ಮಾತ್ರ ಇರುತ್ತೆ, 4ರಿಂದ ಮುಂದೆ 9 ಅಕ್ಷರ, ಉಳಿದಿದ್ದು ಕಟ್, ಹಾಗಾಗಿ ಅರ್ಧಂಬರ್ಧ ಪದ ನೋಡಿ ಏನೇನೋ ಕಲ್ಪಿಸ್ಕೋಬೇಡಿ. ಇನ್ನೊಂದು, ಇನ್ಫಾರ್ಮ್ 6ರಲ್ಲಿ ಮಾಡಿದ ಗೇಮ್ ಆದ್ರೆ ಪಟ್ಟಿಯಲ್ಲಿ ನಾಲ್ಕೈದು ಬೈಗುಳ ಕಂಡೇ ಕಾಣುತ್ತೆ, ಗಾಬರಿ ಆಗ್ಬೇಡಿ, ಗದರೋ ಸಿದ್ಧ ಉತ್ತರ ಕೊಡೋಕೆ ಅಂತಲೇ ಆ ಪದಗಳು ಸಾಧನದ ಜೊತೆಗೇ ಬಂದಿರೋವು, ಬರೆದವರು ಹಾಕಿದ್ದಲ್ಲ. ಅವನ್ನ ಬಿಟ್ಟು ಬೇರೆ ಏನಿದೆ ಅಂತ ನೋಡಿ. ಕೌಂಟರ್‌ಫೀಟ್ ಮಂಕಿ ಥರದ, ಗ್ಲಲ್ಕ್ಸ್ ಅನ್ನೋ ಬೇರೆ ಜಾತಿಯ ಫೈಲುಗಳಿಗೆ ಈ ಪ್ರೋಗ್ರಾಮ್ ನಡೆಯಲ್ಲ. ಆ ಗೇಮಿನ ಸೋರ್ಸ್ ಕೋಡೇ ಸಾರ್ವಜನಿಕವಾಗಿದೆ, ಅದು ಇಂಗ್ಲಿಷ್ ವಾಕ್ಯಗಳ ಥರಾನೇ ಓದಿಸ್ಕೊಂಡು ಹೋಗುತ್ತೆ, ನೇರವಾಗಿ ಅದರಲ್ಲೇ ಹುಡುಕ್ಬಹುದು.

ಹಂತ 6: ಆಡುವಾಗ ಅಂಥಾ ಪದ ಎದುರಾದ್ರೆ

ಎಷ್ಟೇ ನೋಡ್ಕೊಂಡು ಕೊಟ್ರೂ ಒಂದಲ್ಲ ಒಂದು ಬಂದೇ ಬರುತ್ತೆ. ಆಗ ನಿಜವಾದ ಅಪಾಯ ಗೇಮಲ್ಲಿರೋ ಪದ ಅಲ್ಲ, ಮುಂದಿನ ಒಂದು ನಿಮಿಷ. ನಮ್ಮ ಮಕ್ಕಳಿಗೆ ಇಂಗ್ಲಿಷ್ ಆಡುಮಾತು ಮನೆಭಾಷೆ ಅಲ್ವಲ್ಲ, ಪದ ಅರ್ಥ ಆಗ್ಲಿಲ್ಲ ಅಂದ್ರೆ ಏನು ಮಾಡ್ತಾರೆ, ಪಕ್ಕದ ಟ್ಯಾಬಲ್ಲಿ ಹುಡುಕ್ತಾರೆ. ನಮ್ಮಕ್ಕನ ಮಗಳು ಆಡುವಾಗ ಪಕ್ಕದಲ್ಲಿ ಕೂತು ಗಮನಿಸಿದೀನಿ, ಗೊತ್ತಿಲ್ಲದ ಪದ ಬಂದ ತಕ್ಷಣ ಕೈ ತಾನಾಗೇ ಫೋನಿಗೆ ಹೋಗುತ್ತೆ, ಅದೂ ಅರ್ಥ ಓದೋಕಲ್ಲ, ನೇರ ಇಮೇಜ್ ಸರ್ಚಿಗೆ, ಚಿತ್ರ ನೋಡಿದ್ರೆ ಬೇಗ ಗೊತ್ತಾಗುತ್ತಲ್ಲ ಚಿಕ್ಕಮ್ಮ ಅಂತಾಳೆ. ಗೇಮಲ್ಲಿ ಆ ಪದ ಒಂದು ಸಾಲಿನ ಜೋಕ್ ಅಷ್ಟೇ, ಇಮೇಜ್ ಸರ್ಚಲ್ಲಿ ಅದು ಏನಾಗಿ ಬರುತ್ತೆ ಅಂತ ಯೋಚ್ನೆ ಮಾಡಿ. ಅದಕ್ಕೆ ಗೇಮ್ ಶುರು ಮಾಡೋ ಮುಂಚೆನೇ ಆ ಫೋನಲ್ಲೂ ಲ್ಯಾಪ್‌ಟಾಪಲ್ಲೂ ಸೇಫ್ ಸರ್ಚ್ ಆನ್ ಮಾಡಿ, ನೆಟ್ ಬೇಡದ ಒಂದು ಇಂಗ್ಲಿಷ್ ಡಿಕ್ಷನರಿ ಹಾಕ್ಕೊಡಿ, ಇನ್ನೂ ಒಳ್ಳೇದು ಪುಸ್ತಕ ರೂಪದ್ದೇ ಇಟ್ಬಿಡಿ.

ಮಗು ಬಂದು ಕೇಳಿದ್ರೆ ಮುಖ ಕೆಂಪು ಮಾಡ್ಕೊಂಡು ಲ್ಯಾಪ್‌ಟಾಪ್ ಮುಚ್ಚಬೇಡಿ, ಮುಚ್ಚಿದ್ರೆ ಮುಂದಿನ ಸಲ ಕೇಳೋದೇ ಇಲ್ಲ. ಇದು ಬೈಗುಳ, ಇದಕ್ಕೆ ಇಂಥಾ ಅರ್ಥ ಇದೆ, ಇಲ್ಲಿ ನಗಿಸೋಕೆ ಹಾಕಿದಾರೆ, ಸ್ಕೂಲಲ್ಲಿ ಹೇಳೋ ಪದ ಅಲ್ಲ ಅಂತ ವಯಸ್ಸಿಗೆ ತಕ್ಕ ಹಾಗೆ ಒಂದೇ ಉಸಿರಲ್ಲಿ ಹೇಳಿ, ಮುಂದಿನ ಒಗಟಿಗೆ ಹೋಗಿ. ದೃಶ್ಯವೇ ಸರಿ ಇಲ್ಲ ಅನ್ಸಿದ್ರೆ ಅಂಡೂ ಅಂತ ಟೈಪ್ ಮಾಡಿ ಒಂದು ಹೆಜ್ಜೆ ಹಿಂದೆ ಹೋಗ್ಬಹುದು. ಇನ್ಫೋಕಾಮ್‌ನ ಈ ಹಳೇ ಗೇಮ್‌ಗಳಲ್ಲಿ ಹೆಚ್ಚಾಗಿ ಅಂಡೂ ಇರಲ್ಲ, ಹಾಗಾಗಿ ಆಗಾಗ ಸೇವ್ ಮಾಡೋ ಅಭ್ಯಾಸ ಹಾಕಿಸಿ, ಬೇಡ ಅನ್ಸಿದ್ರೆ ರಿಸ್ಟೋರ್ ಮಾಡಿ ಬೇರೆ ದಾರೀಲಿ ಹೋಗೋದು.

ಹಂತ 7: ಎಐ ಗೇಮ್ ಆದ್ರೆ ಮೇಲಿನ ಲೆಕ್ಕ ಬೇರೆ

ಈಗ ಟೆಕ್ಸ್ಟ್ ಅಡ್ವೆಂಚರ್ ಅಂತ ಹುಡುಕಿದ್ರೆ ಮೊದ್ಲು ಸಿಗೋದು ಎಐ ಕಥೆ ಹೇಳೋ ಆ್ಯಪ್‌ಗಳು. ಅಲ್ಲಿ ಮುಂಚೆನೇ ಬರೆದಿಟ್ಟ ಮಾತು ಇಲ್ಲ, ಆಡ್ತಾ ಆಡ್ತಾ ಹುಟ್ಟುತ್ತೆ, ನಿಮಗೆ ಒಂದು ಕಥೆ, ಮಗುವಿಗೆ ಇನ್ನೊಂದು. ಹಾಗಾಗಿ ನಾವು ಮೊದ್ಲು ಆಡಿ ನೋಡಿದ್ದಕ್ಕೆ ಬೆಲೆನೇ ಇಲ್ಲ. 2019ರ ಕೊನೇಲಿ ಬಂದ ಎಐ ಡಂಜನ್‌ನಲ್ಲಿ ಅಶ್ಲೀಲ ಕಥೆಗಳ ಗಲಾಟೆ ದೊಡ್ಡದಾಗಿ, 2021ರ ಏಪ್ರಿಲ್‌ನಲ್ಲಿ ಫಿಲ್ಟರ್ ಹಾಕಿದ್ರು, ಹಾಕಿದ್ರೆ ಅದು ಏನೂ ತಪ್ಪಿಲ್ಲದ ಸಾಲುಗಳನ್ನೂ ತಡೀತಿದೆ ಅಂತ ಆಡೋರೇ ತಿರುಗಿಬಿದ್ರು. ಇಂಥವನ್ನ ಚಿಕ್ಕೋರಿಗೆ ಒಬ್ಬೊಬ್ಬರಿಗೇ ಬಿಟ್ಟುಕೊಡೋದು ಬೇಡ, ಆಡೋದಾದ್ರೆ ದೊಡ್ಡವರು ಜೊತೇಲಿ ಕೂತೇ ಆಡ್ಲಿ.

ಹಂತ 8: ಕನ್ನಡದಲ್ಲಿ ನೀವೇ ಒಂದು ಪುಟ್ಟ ಆಟ ಮಾಡಿ

ಇಷ್ಟೆಲ್ಲ ತಲೆನೋವು ಯಾಕೆ ಅನ್ನೋರಿಗೆ ಇದು. ಮೂರಕ್ಷರದ ಪದ, ನಡುವಿನ ಅಕ್ಷರ ತೆಗೆದ್ರೆ ಇಂಥದ್ದು, ಕೊನೇದು ತೆಗೆದ್ರೆ ಅಂಥದ್ದು ಅನ್ನೋ ಒಗಟು ನಮ್ಮ ಮಕ್ಕಳ ಪತ್ರಿಕೆಗಳಲ್ಲಿ ಎಷ್ಟು ಬಂದಿಲ್ಲ. ಅದನ್ನೇ ಆಟ ಮಾಡಿ. ನಗರದಿಂದ ಗ ತೆಗೆದ್ರೆ ನರ ಬಂದು ನಿಲ್ತಾನೆ, ರ ತೆಗೆದ್ರೆ ನಗ ಕೈಗೆ ಸಿಗುತ್ತೆ. ಕರಡಿ ಎದುರಾದಾಗ ರ ತೆಗೆದ್ರೆ ಕಡಿಯೋಕೆ ಬರುತ್ತೆ, ಡಿ ತೆಗೆದ್ರೆ ಬರೀ ಕರ ಉಳಿದು ಕೈ ಕುಲುಕುತ್ತೆ. ಒಂದು ಪೀರಿಯಡ್ ಕೊಟ್ರೆ ಏಳನೇ ಕ್ಲಾಸಿನವ್ರು ಇಂಥವು ಸಾಲುಸಾಲು ಕಟ್ತಾರೆ.

ಆದ್ರೆ ಇಲ್ಲೂ ಅದೇ ಎಚ್ಚರಿಕೆ ಬೇಕು. ಕೊಳದಲ್ಲಿ ಚೆಂದದ ಕಮಲ ಇಟ್ಟಿರ್ತೀರ, ಮೊದಲನೇ ಹುಡುಗನೇ ಕ ತೆಗೀತಾನೆ, ಕ್ಲಾಸ್ ಪೂರ್ತಿ ಹೋ ಅನ್ನುತ್ತೆ. ಹಾಗಾಗಿ ಆಟಕ್ಕೆ ಹಾಕೋ ಒಂದೊಂದು ಪದಕ್ಕೂ ಒಂದೊಂದು ಅಕ್ಷರ ತೆಗೆದು ಏನೇನಾಗುತ್ತೆ ಅಂತ ಮುಂಚೆನೇ ಹಾಳೇಲಿ ಬರ್ಕೊಳ್ಳಿ. ಮೂರಕ್ಷರದ ಪದಕ್ಕೆ ಮೂರೇ ಸಾಲು, ದೊಡ್ಡ ಕೆಲಸ ಏನಲ್ಲ. ನಿಮ್ಮೂರ ಕಡೆ ಯಾವುದಕ್ಕೆ ಪೋಲಿ ಅರ್ಥ ಇದೆ ಅಂತ ಬೇರೆ ಕಡೆಯವ್ರಿಗೆ ಗೊತ್ತಿರಲ್ಲ, ಅದಕ್ಕೆ ಧಾರವಾಡದ ಕಡೆಯವ್ರು ಒಬ್ರು, ಮಂಗಳೂರು ಕಡೆಯವ್ರು ಒಬ್ರು ಸಿಕ್ಕಿದ್ರೆ ಪಟ್ಟಿ ತೋರಿಸಿ.

ಕಂಪ್ಯೂಟರಲ್ಲಿ ಮಾಡೋದಾದ್ರೆ ಇನ್ನೊಂದು ತಾಂತ್ರಿಕ ವಿಷಯ. ನಮಗೆ ಕ್ಷ ಒಂದೇ ಅಕ್ಷರ, ಯುನಿಕೋಡಲ್ಲಿ ಅದು ಕ, ಅಕ್ಷರವನ್ನ ಅರ್ಧ ಮಾಡೋ ವಿರಾಮ (ಹಲಂತ) ಗುರುತು, ಷ ಅಂತ ಮೂರು ಬಿಡಿ ಸಂಕೇತ. ಪ್ರೋಗ್ರಾಮ್ ಒಂದೊಂದು ಸಂಕೇತ ಕೀಳೋ ಥರ ಬರೆದ್ರೆ 'ಅಕ್ಷರ' ಅನ್ನೋದು 'ಅಕಷರ' ಆಗಿ, ನೀವು ಹಾಳೇಲಿ ಬರ್ಕೊಂಡಿದ್ದ ಪಟ್ಟಿಗೆ ಸೇರದ ಪದಗಳು ಹುಟ್ತಾವೆ, ಅದರಲ್ಲಿ ಯಾವುದು ಏನರ್ಥ ಕೊಡುತ್ತೋ. ಹಾಗಾಗಿ ಒತ್ತಕ್ಷರ, ಗುಣಿತ ಎಲ್ಲ ಸೇರಿ ಒಂದು ಅಕ್ಷರ ಅಂತ ಪದವನ್ನ ಮೊದ್ಲು ಒಡೆದು, ಆಮೇಲೆ ಕೀಳೋಕೆ ಬಿಡಿ. ಪಟ್ಟಿಯಲ್ಲಿ ಇಲ್ಲದ ಪದ ಬಂತು ಅಂದ್ರೆ ಆಟ ಏನನ್ನೂ ಬದಲಿಸದೆ, ಆ ಅಕ್ಷರ ಗಟ್ಟಿಯಾಗಿ ಅಂಟ್ಕೊಂಡಿದೆ, ಬೇರೆ ಕಿತ್ತು ನೋಡು ಅಂತ ಹೇಳೋ ಹಾಗೆ ಮಾಡಿ.